‘ಅನುಕೂಲ’ದ ಇಂಗ್ಲಿಷ್ ನೆಂಟರು

ಪ್ರಬಂಧಗಳನ್ನು ತಿದ್ದುವಾಗ ನನಗೆ ಅತಿ ಹೆಚ್ಚು ಎದುರಾಗುತ್ತಿದ್ದ ಇಂಗ್ಲಿಷ್ ವಿಶೇಷಣವೆಂದರೆ ‘ಗುಡ್’. ಮಳೆಯೂ ಗುಡ್, ಔಷಧವೂ ಗುಡ್, ಸರ್ಕಾರದ ಯೋಜನೆಯೂ ಗುಡ್. ಕೆಂಪು ಶಾಯಿಯಲ್ಲಿ ಬದಿಗೆ ಬೇರೆ ಪದಗಳನ್ನು ಬರೆದುಕೊಡುತ್ತಿದ್ದೆನಾದರೂ ಅವುಗಳ ಪೂರ್ವೋತ್ತರವನ್ನು ವಿವರಿಸಲು ಒಂದು ಪೀರಿಯಡ್ಡು ಸಾಲುತ್ತಿರಲಿಲ್ಲ. ಈಗ ಗಂಟೆ ಬಾರಿಸುವವರಿಲ್ಲ, ಸಾವಧಾನವಾಗಿ ಹೇಳಬಹುದು.

‘ಆಪರ್ಚೂನ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಸಕಾಲಿಕ, ಅನುಕೂಲ ಎಂದು ನಿಘಂಟು ಅರ್ಥ ಹೇಳುತ್ತದೆ. ಇದರೊಳಗೆ ಇರುವುದು ‘ಪೋರ್ಟಸ್’, ಅಂದರೆ ಲ್ಯಾಟಿನ್ನಿನ ಬಂದರು. ಹಾಯಿಹಡಗನ್ನು ಬಂದರಿನ ಕಡೆಗೆ ತಳ್ಳುವ ಗಾಳಿಗೆ ರೋಮನ್ ನಾವಿಕರು ಕೊಟ್ಟ ವಿಶೇಷಣವದು. ನಮ್ಮ ‘ಅನುಕೂಲ’ವನ್ನು ಬಿಡಿಸಿ ನೋಡಿ: ಅನು, ಕೂಲ. ಕೂಲವೆಂದರೆ ದಡ. ದಡವನ್ನು ಅನುಸರಿಸಿ ಹೋಗುವುದು ಅನುಕೂಲ, ಅದಕ್ಕೆ ಎದುರಾದದ್ದು ಪ್ರತಿಕೂಲ. ಪರಸ್ಪರ ಎರವಲು ಪಡೆಯದೆ ಎರಡು ಭಾಷೆಗಳು ಒಂದೇ ನೀರಿನಿಂದ ಪದವನ್ನು ಮೊಗೆದುಕೊಂಡಿವೆ. ನನಗೆ ಇದು ಇಂದಿಗೂ ಬೆರಗು.

‘ಆಸ್ಪಿಷಸ್’ ಇನ್ನೂ ಸ್ವಾರಸ್ಯಕರ. ‘ಏವಿಸ್’ ಎಂದರೆ ಹಕ್ಕಿ, ‘ಸ್ಪೆಕೆರೆ’ ಎಂದರೆ ನೋಡುವುದು. ಹಕ್ಕಿಗಳನ್ನು ನೋಡಿ ಶುಭಾಶುಭ ನಿರ್ಣಯಿಸದೆ ರೋಮನ್ನರು ಯುದ್ಧಕ್ಕಿಳಿಯುತ್ತಿರಲಿಲ್ಲ. ಅದಕ್ಕಾಗಿಯೇ ಸೈನ್ಯದೊಡನೆ ಪವಿತ್ರ ಕೋಳಿಗಳನ್ನು ಒಯ್ಯುತ್ತಿದ್ದರು. ಕೋಳಿಗಳು ಕಾಳನ್ನು ಆತುರದಿಂದ ತಿಂದರೆ ಶುಭ, ಮುಟ್ಟದಿದ್ದರೆ ಅಶುಭ. ಕ್ರಿ.ಪೂ. ೨೪೯ರಲ್ಲಿ ಸಿಸಿಲಿಯ ದ್ರೆಪಾನದ ಎದುರು ಕಾರ್ಥೇಜಿನ ನೌಕಾಬಲದ ಮೇಲೆ ಬೀಳಲು ಹೊರಟ ಸೇನಾನಿ ಪುಬ್ಲಿಯಸ್ ಕ್ಲಾಡಿಯಸ್ ಪುಲ್ಕರನ ಕೋಳಿಗಳು ಕಾಳು ಮುಟ್ಟಲಿಲ್ಲ. ತಿನ್ನದಿದ್ದರೆ ನೀರನ್ನಾದರೂ ಕುಡಿಯಲೆಂದು ಅವನು ಅವುಗಳನ್ನು ಸಮುದ್ರಕ್ಕೆಸೆದನೆಂದು ಸಿಸೆರೋ ಬರೆದಿದ್ದಾನೆ. ಆ ದಿನ ರೋಮ್ ತೊಂಬತ್ತಕ್ಕೂ ಹೆಚ್ಚು ಹಡಗುಗಳನ್ನು ಕಳೆದುಕೊಂಡಿತು. ಪುಲ್ಕರ್ ವಿಚಾರಣೆಗೊಳಗಾಗಿ ದಂಡ ತೆತ್ತನು. (ಸೋಲಿಗೆ ಕೋಳಿಗಳು ಕಾರಣವಲ್ಲ, ದಡಕ್ಕೂ ಶತ್ರುವಿಗೂ ನಡುವೆ ತನ್ನ ಹಡಗುಗಳನ್ನು ಸಿಕ್ಕಿಸಿಕೊಂಡ ಅವನ ಅವಿವೇಕ ಕಾರಣ ಎಂಬುದು ನನ್ನ ಅಭಿಪ್ರಾಯ.) ಇದನ್ನು ಓದಿ ನಗುವ ಮೊದಲು ನಮ್ಮ ‘ಶಕುನ’ವನ್ನು ನೆನೆಯಿರಿ. ಸಂಸ್ಕೃತದಲ್ಲಿ ಶಕುನವೆಂದರೆ ಮೂಲತಃ ಹಕ್ಕಿಯೇ. ಶಕುಂತಲೆಯ ಹೆಸರಿನ ‘ಶಕುಂತ’ವೂ ಹಕ್ಕಿಯೇ. ನಸುಕಿನಲ್ಲಿ ಬುಡಬುಡಿಕೆಯವನು ಬಂದು ಹಾಲಕ್ಕಿ ನುಡಿಯಿತೆಂದು ಹೇಳುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ಮರೆತಿರಲಾರದು.

‘ಬೆನಿಫಿಶಿಯಲ್’ ಸರಳ: ಒಳ್ಳೆಯದನ್ನು ಮಾಡುವಂಥದ್ದು. ‘ಸಾಲ್ಯೂಟರಿ’ ಆರೋಗ್ಯದ ಪದ. ಕಹಿಯಾದರೂ ಹಿತ ಮಾಡುವುದು, ಕಷಾಯದ ಹಾಗೆ. ಎಡ್ಮಂಡ್ ಬರ್ಕ್ ೧೭೭೫ರ ಮಾರ್ಚ್ ೨೨ರಂದು ಬ್ರಿಟಿಷ್ ಸಂಸತ್ತಿನಲ್ಲಿ ಈ ಪದವನ್ನು ಉಪೇಕ್ಷೆಗೆ ಅಂಟಿಸಿದನು. ಅಮೆರಿಕದ ವಸಾಹತುಗಳು ಏಳಿಗೆ ಹೊಂದಿದ್ದು ನಮ್ಮ ಆಳ್ವಿಕೆಯ ಬಿಗಿಯಿಂದಲ್ಲ, ನಾವು ಅವನ್ನು ಅವುಗಳ ಪಾಡಿಗೆ ಬಿಟ್ಟಿದ್ದರಿಂದ ಎಂಬುದು ಅವನ ವಾದ. ಸಭೆ ಕಿವಿಗೊಡಲಿಲ್ಲ. ಒಂದು ತಿಂಗಳೊಳಗೆ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು.

ಇನ್ನು ‘ಇಂಪ್ರೂವ್’. ಮಕ್ಕಳ ಪ್ರಗತಿಪತ್ರದಲ್ಲಿ ನಾವು ಉಪಾಧ್ಯಾಯರು ಎಗ್ಗಿಲ್ಲದೆ ಬರೆಯುತ್ತಿದ್ದ ಈ ಪದದ ಮೂಲದಲ್ಲಿ ಸುಧಾರಣೆಯಿಲ್ಲ, ಲಾಭವಿದೆ. ಹಳೆಯ ಫ್ರೆಂಚಿನ ‘ಪ್ರೂ’ ಎಂದರೆ ಲಾಭ. ಭೂಮಿಯಿಂದ ಲಾಭ ತೆಗೆಯುವುದೇ ಇಂಪ್ರೂವ್‌ಮೆಂಟ್. ಇಂಗ್ಲೆಂಡಿನಲ್ಲಿ ಊರವರೆಲ್ಲರ ದನ ಮೇಯುತ್ತಿದ್ದ ಗೋಮಾಳಗಳಿಗೆ ಬೇಲಿ ಹಾಕಿಕೊಂಡವರಿಗೆ ‘ಇಂಪ್ರೂವಿಂಗ್’ ಭೂಮಾಲೀಕರೆಂಬ ಮನ್ನಣೆ ದೊರೆಯಿತು. ೧೬೦೪ರಿಂದ ೧೯೧೪ರವರೆಗೆ ಇಂಥ ೫,೨೦೦ಕ್ಕೂ ಹೆಚ್ಚು ಶಾಸನಗಳು ಆಗಿ ಸುಮಾರು ೬೮ ಲಕ್ಷ ಎಕರೆ, ಅಂದರೆ ಇಂಗ್ಲೆಂಡಿನ ಐದನೆಯ ಒಂದು ಭಾಗಕ್ಕಿಂತ ಹೆಚ್ಚು, ಬೇಲಿಯೊಳಗಾಯಿತು. ಇಳುವರಿ ಹೆಚ್ಚಿದ್ದು ನಿಜ. ಒಂದು ಹಸು ಕಟ್ಟಿಕೊಂಡು ಬದುಕುತ್ತಿದ್ದವನು ಕೂಲಿಯಾದದ್ದೂ ನಿಜ. ಕೂಲಿಕಾರನ ಮಗ, ಕವಿ ಜಾನ್ ಕ್ಲೇರನ ಊರಾದ ಹೆಲ್ಪ್‌ಸ್ಟನ್ನಿಗೆ ಬೇಲಿಯ ಶಾಸನ ಬಂದದ್ದು ೧೮೦೯ರಲ್ಲಿ. ಅವನು ಆ ದುಃಖವನ್ನು ಬರೆದಿಟ್ಟುಹೋದನು. ಬಂಗಾಳದಲ್ಲಿ ೧೭೯೩ರಲ್ಲಿ ಕಾರ್ನ್‌ವಾಲಿಸನು ಖಾಯಂ ಜಮೀನ್ದಾರಿ ಪದ್ಧತಿ ತಂದಾಗಲೂ ಜಮೀನ್ದಾರರು ಇಂಗ್ಲೆಂಡಿನವರಂತೆ ಭೂಮಿಯನ್ನು ‘ಇಂಪ್ರೂವ್’ ಮಾಡಿಯಾರೆಂಬ ನಿರೀಕ್ಷೆಯಿತ್ತು. ಬಹುತೇಕರು ಗೇಣಿಯನ್ನು ಮಾತ್ರ ಇಂಪ್ರೂವ್ ಮಾಡಿದರು.

ಪದ ಪಟ್ಟಣಗಳಿಗೂ ಬಂದಿತು. ೧೮೯೬ರ ಪ್ಲೇಗಿನ ನಂತರ, ೧೮೯೮ರಲ್ಲಿ, ಮುಂಬಯಿಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಬೀದಿಗಳು ಅಗಲವಾದವು, ಗಾಳಿ ಬೆಳಕು ಹರಿದವು. ಮನೆ ಕೆಡವಿಸಿಕೊಂಡ ಬಡವರಲ್ಲಿ ಅನೇಕರು ಪಕ್ಕದ ಕೇರಿಯ ಇನ್ನಷ್ಟು ಇಕ್ಕಟ್ಟಿಗೆ ಸೇರಿದರು. ಮೈಸೂರಿಗೆ ಇಂಥ ಟ್ರಸ್ಟ್ ಬೋರ್ಡ್ ೧೯೦೩ರಲ್ಲಿಯೂ ಬೆಂಗಳೂರಿಗೆ ೧೯೪೫ರಲ್ಲಿಯೂ ಬಂದವು. ನಮ್ಮ ತಲೆಮಾರಿನವರ ಬಾಯಲ್ಲಿ ‘ಸಿ.ಐ.ಟಿ.ಬಿ.’ ಎಂದು ಉಳಿದಿರುವುದು ಅದೇ. ೧೯೭೬ರಲ್ಲಿ ಬೆಂಗಳೂರಿನ ಮಂಡಳಿ ಅಭಿವೃದ್ಧಿ ಪ್ರಾಧಿಕಾರವಾದಾಗ ‘ಇಂಪ್ರೂವ್‌ಮೆಂಟ್’ ಹೋಗಿ ‘ಡೆವಲಪ್‌ಮೆಂಟ್’ ಬಂದಿತು. ನಿವೇಶನ ಕೊಂಡ ನನ್ನ ಹಳೆಯ ವಿದ್ಯಾರ್ಥಿಗಳಿಗೆ ‘ಬೆಟರ್‌ಮೆಂಟ್’ ಶುಲ್ಕದ ಪರಿಚಯವೂ ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ‘ಬೆಟರ್’ ಅಚ್ಚ ಇಂಗ್ಲಿಷು, ‘ಮೆಂಟ್’ ೧೦೬೬ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಡೆಯ ಫ್ರೆಂಚು. ರಸೀದಿ ಮಾತ್ರ ಕನ್ನಡದಲ್ಲಿ ಕೇಳಿ ಪಡೆಯಿರಿ.