ಫ್ರೈಬರ್ಗಿನ ಅದಿರಿನಲ್ಲಿ ಸಿಕ್ಕ ಇಂಡಿಯಂ

ಇಂಡಿಯಂ ಬೆಳ್ಳಿಯಂತೆ ಹೊಳೆಯುವ, ಉಗುರಿನಿಂದ ಗೀರಿದರೂ ಗುರುತು ಬೀಳುವಷ್ಟು ಮೆದುವಾದ ಲೋಹ. ಇದರ ಪರಮಾಣು ಸಂಖ್ಯೆ 49. 156.6 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಸರಳನ್ನು ಬಗ್ಗಿಸಿದರೆ ತವರದಂತೆ ಕಿರುಗುಟ್ಟುತ್ತದೆ. ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ಬೆಳ್ಳಿಯಷ್ಟೇ ಇದ್ದರೂ ಬೆಳ್ಳಿಯ ಹಾಗೆ ಒಂದೆಡೆ ಕೂಡಿಕೊಂಡಿಲ್ಲ. ಮುಖ್ಯವಾಗಿ ಸತುವಿನ ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದೆ. ಇದು ಬಹುಕಾಲ ಯಾರ ಕಣ್ಣಿಗೂ ಬೀಳದಿರಲು ಅದೇ ಕಾರಣ.

ಇಂಡಿಯಂ ಪತ್ತೆಯಾದದ್ದು ಜರ್ಮನಿಯ ಸ್ಯಾಕ್ಸನಿಯ ಫ್ರೈಬರ್ಗ್ ಪಟ್ಟಣದಲ್ಲಿ. 1168ರಲ್ಲಿ ಬೆಳ್ಳಿ ಸಿಕ್ಕಂದಿನಿಂದ ಗಣಿಗಾರಿಕೆಯೇ ಆ ಊರಿನ ಜೀವಾಳವಾಗಿತ್ತು. 1765ರಲ್ಲಿ ಅಲ್ಲಿ ಗಣಿ ವಿದ್ಯಾಲಯವೂ ಆರಂಭವಾಯಿತು. ಫರ್ಡಿನಾಂಡ್ ರೈಖ್ ಅಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. 1861ರಲ್ಲಿ ವಿಲಿಯಂ ಕ್ರೂಕ್ಸ್ ರೋಹಿತದರ್ಶಕದ ನೆರವಿನಿಂದ ಥ್ಯಾಲಿಯಂ ಎಂಬ ಹೊಸ ಧಾತುವನ್ನು ಗುರುತಿಸಿದ್ದರು. ಅದು ತಮ್ಮೂರಿನ ಸತುವಿನ ಅದಿರಿನಲ್ಲೂ ಇರಬಹುದೆಂದು ರೈಖ್ 1863ರಲ್ಲಿ ಹುಡುಕತೊಡಗಿದರು. ಅದಿರನ್ನು ಹುರಿದು ಗಂಧಕವನ್ನೂ ಆರ್ಸೆನಿಕ್ಕನ್ನೂ ಹೋಗಲಾಡಿಸಿ, ಉಳಿದದ್ದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿದರು.

ರೈಖ್ ವರ್ಣಾಂಧರಾಗಿದ್ದರು. ಹೀಗಾಗಿ ಜ್ವಾಲೆಯ ರೋಹಿತವನ್ನು ನೋಡುವ ಕೆಲಸ ಸಹಾಯಕ ಥಿಯೋಡೋರ್ ರಿಕ್ಟರ್ ಅವರ ಪಾಲಿಗೆ ಬಂತು. ಥ್ಯಾಲಿಯಂನ ಹಸಿರು ಗೆರೆ ಕಾಣಲಿಲ್ಲ. ಅದುವರೆಗೆ ಯಾವ ಧಾತುವಿನಲ್ಲೂ ಕಂಡಿರದ ಕಡುನೀಲಿ ಗೆರೆಯೊಂದು ಮೂಡಿತು. ಆ ಇಂಡಿಗೊ ಬಣ್ಣದಿಂದಲೇ ಧಾತುವಿಗೆ ಇಂಡಿಯಂ ಎಂಬ ಹೆಸರು ಬಂತು. ಒಬ್ಬರ ರಸಾಯನ, ಇನ್ನೊಬ್ಬರ ಕಣ್ಣು ಎರಡೂ ಸೇರಿ ಆದ ಶೋಧ ಇದು. ಮುಂದೆ ರಿಕ್ಟರ್ ಶೋಧದ ಕೀರ್ತಿ ತಮ್ಮೊಬ್ಬರದೇ ಎಂದು ಹೇಳಿಕೊಂಡದ್ದು ಇಬ್ಬರ ಸಂಬಂಧವನ್ನು ಕೆಡಿಸಿತು.

ಹೊಸ ಧಾತುವಿನ ಆಕ್ಸೈಡಿನಲ್ಲಿ ಒಂದು ಆಮ್ಲಜನಕ ಪರಮಾಣುವಿಗೆ ಒಂದು ಇಂಡಿಯಂ ಪರಮಾಣು ಇದೆಯೆಂದು ಮೊದಲು ಭಾವಿಸಿ, ಪರಮಾಣು ತೂಕವನ್ನು ಸುಮಾರು 75 ಎಂದು ಲೆಕ್ಕಹಾಕಲಾಯಿತು. ಮೆಂಡಲೀವ್ ತಮ್ಮ ಆವರ್ತ ಕೋಷ್ಟಕದಲ್ಲಿ ಆ ತೂಕಕ್ಕೆ ಖಾಲಿ ಮನೆ ಕಾಣಲಿಲ್ಲ. ಮೂರು ಆಮ್ಲಜನಕಕ್ಕೆ ಎರಡು ಇಂಡಿಯಂ ಎಂದು ಎಣಿಸಿದಾಗ ತೂಕ ಸುಮಾರು 113ಕ್ಕೆ ಏರಿ, ಕ್ಯಾಡ್ಮಿಯಂ ಮತ್ತು ತವರದ ನಡುವೆ ಸರಿಯಾದ ಜಾಗ ದೊರೆಯಿತು. ಇಂದು ಒಪ್ಪಿಕೊಂಡಿರುವ ತೂಕ 114.8.

ಆದರೆ ಶೋಧವಾಗಿ ಅರವತ್ತು ವರ್ಷ ಕಳೆದರೂ ಇಂಡಿಯಂ ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ಎರಡನೇ ಮಹಾಯುದ್ಧದಲ್ಲಿ ವಿಮಾನದ ಎಂಜಿನ್ ಬೇರಿಂಗ್‌ಗಳಿಗೆ ಇದರ ತೆಳುಲೇಪ ಕೊಟ್ಟು ಸವೆತ, ತುಕ್ಕುಗಳನ್ನು ತಡೆದರು. 1950ರ ದಶಕದಲ್ಲಿ ಜರ್ಮೇನಿಯಂ ಚಕ್ಕೆಯ ಎರಡೂ ಬದಿಗೆ ಇಂಡಿಯಂ ಗುಂಡುಗಳನ್ನು ಕರಗಿಸಿ ಕೂರಿಸಿ ಟ್ರಾನ್ಸಿಸ್ಟರ್ ಮಾಡಿದರು. ಗಾಜಿಗೂ ಅಂಟಿಕೊಳ್ಳುವ, ಕಡುಶೀತದಲ್ಲೂ ಮೆದುವಾಗಿಯೇ ಉಳಿಯುವ ಗುಣದಿಂದ ನಿರ್ವಾತ ಉಪಕರಣಗಳ ಸಂದುಗಳನ್ನು ಮುಚ್ಚಲು ಒದಗಿತು.

ಇಂದು ಇಂಡಿಯಂನ ದೊಡ್ಡ ಬಳಕೆ ಇಂಡಿಯಂ ಮತ್ತು ತವರದ ಆಕ್ಸೈಡ್‌ಗಳ ಮಿಶ್ರಣದಲ್ಲಿ. ಗಾಜಿನಂತೆ ಪಾರದರ್ಶಕವಾಗಿದ್ದೂ ವಿದ್ಯುತ್ತನ್ನು ಹರಿಯಬಿಡುವ ಈ ಲೇಪವೇ ಟಿ.ವಿ. ಮತ್ತು ಮೊಬೈಲ್ ಪರದೆಗಳನ್ನು ಸಾಧ್ಯವಾಗಿಸಿದೆ. ಹೊಸ ಇಂಡಿಯಂ ಬರುವುದು ಹೆಚ್ಚಾಗಿ ಸತು ಶುದ್ಧೀಕರಣದ ಉಪೋತ್ಪನ್ನವಾಗಿ. ಹಾಗಾಗಿ ಬೇಡಿಕೆ ಎಷ್ಟೇ ಏರಿದರೂ ಉತ್ಪಾದನೆಯನ್ನು ಬೇಕೆಂದಷ್ಟು ಹೆಚ್ಚಿಸಲಾಗದು. ಪರದೆ ತಯಾರಿಕೆಯಲ್ಲಿ ಮಿಕ್ಕ ಇಂಡಿಯಂ ಅನ್ನು ಮರಳಿ ಪಡೆದು ಬಳಸುವುದು ಈ ಉದ್ಯಮಕ್ಕೆ ಅನಿವಾರ್ಯ.