ಗುರುವಾಯನಕೆರೆಯ ಐದು ಕಂಬ, ಮೂಡುಬಿದಿರೆಯ ಸಾವಿರ ಕಂಬ

ಗುರುವಾಯನಕೆರೆಯ ಶಾಂತೀಶ್ವರ ಬಸದಿಯ ಮುಂದೆ ಐದು ಕಂಬಗಳ ಕಲ್ಲು ಮಂಟಪವಿದೆ. ನಾಲ್ಕು ಕಂಬ ಮೂಲೆಗಳಲ್ಲಿ, ಐದನೆಯದು ನಟ್ಟನಡುವೆ. ಕಂಬಗಳ ತಲೆಯ ಮೇಲೆ ಅಂತಸ್ತು, ಅದಕ್ಕೆ ಕಲ್ಲಿನದೇ ಇಳಿಜಾರು ಮಾಡು. ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಹೊರತಂದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಈ ಮಂಟಪವೂ ಇಲ್ಲಿನ ಮಾನಸ್ತಂಭವೂ ‘ಗುರುಸಂಕೇರಿ’ ಎಂಬ ಹೆಸರಿನಲ್ಲಿ ಚಿತ್ರಸಮೇತ ಸೇರಿವೆ.

ವಿಜಯನಗರದ ಆಳ್ವಿಕೆಯಲ್ಲಿ ಈ ಊರುಗಳಿರುವ ತುಳುನಾಡು ಬಂಗ, ಚೌಟ, ಅಜಿಲ, ಭೈರರಸರಂಥ ಜೈನ ಅರಸುಮನೆತನಗಳ ಕೈಯಲ್ಲಿತ್ತು. ಅರಸರ ಜತೆಗೆ ವ್ಯಾಪಾರದಲ್ಲಿ ಗಳಿಸಿದ ಶ್ರಾವಕರೂ ಬಸದಿ ಕಟ್ಟಿಸಿದರು. ಮೂಡುಬಿದಿರೆಯೊಂದರಲ್ಲೇ 18 ಬಸದಿಗಳಿವೆ. ಘಟ್ಟದ ಮೇಲೆ ಹೊಯ್ಸಳರ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಮಾಡಿದ ಕುಸುರಿ ಇಲ್ಲಿನ ಹೊರಗೋಡೆಗಳಲ್ಲಿ ಕಾಣುವುದಿಲ್ಲ. ಇಲ್ಲಿ ಸಿಗುವುದು ಮುರಕಲ್ಲು ಮತ್ತು ಗಡಸು ಕಗ್ಗಲ್ಲು. ಅದಕ್ಕಿಂತ ಮುಖ್ಯವಾಗಿ, ಆಟಿ ತಿಂಗಳ ಮಳೆಗೆ ಚಪ್ಪಟೆ ಮಾಡು ಆಗಿಬರುವುದಿಲ್ಲ. ಹಾಗಾಗಿ ಕರಾವಳಿಯ ಕಸುಬುದಾರರು ತಮ್ಮ ಮನೆಗಳನ್ನೇ ಮಾದರಿಯಾಗಿ ಹಿಡಿದರು: ಮುಂಚಾಚಿದ ಸೂರು, ಸುತ್ತ ಜಗಲಿ, ಅಂತಸ್ತಿನ ಮೇಲೆ ಅಂತಸ್ತಾಗಿ ಇಳಿಜಾರು ಮಾಡು. ತುಳುನಾಡಿನ ಭೂಮಾಲೀಕರ ಗುತ್ತಿನ ಮನೆಯ ಚಾವಡಿಯನ್ನು ಬಲ್ಲವರಿಗೆ ಬಸದಿಯ ಆಕಾರ ಅಪರಿಚಿತವೆನಿಸದು.

ಈ ರೀತಿಯ ಕಟ್ಟೋಣದ ಮೇರುಕೃತಿಯೆಂದರೆ ಮೂಡುಬಿದಿರೆಯ ತ್ರಿಭುವನ ತಿಲಕ ಚೂಡಾಮಣಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ. ದೇವರಾಯ ಒಡೆಯನ ಕಾಲದಲ್ಲಿ, 1430ರಲ್ಲಿ ಇದು ಎದ್ದಿತು. ಗರ್ಭಗುಡಿಯಲ್ಲಿ ಚಂದ್ರನಾಥ ಸ್ವಾಮಿಯ ಎತ್ತರದ ಪಂಚಲೋಹದ ಬಿಂಬವಿದೆ. ಮೂರು ಅಂತಸ್ತುಗಳಲ್ಲಿ ಕೆಳಗಿನದು ಕಲ್ಲಿನದು, ಮೇಲಿನವು ಮರದವು, ಮರದ ಮಾಡಿಗೆ ತಾಮ್ರದ ತಗಡು. ಹೊರಗಿನ ಕಂಬಗಳ ಬಳಿ ನಿಂತು ನೋಡಬೇಕು: ಬುಡ ಚೌಕ, ಮೇಲೆ ಮೂಲೆ ತರಿದು ಎಂಟು ಪಟ್ಟಿ. ಬಡಗಿ ದಿಮ್ಮಿಯನ್ನು ಹದಗೊಳಿಸುವ ಕ್ರಮವಿದು. ಅದೇ ಇಲ್ಲಿ ಕಗ್ಗಲ್ಲಿಗೆ ಬಂದಿದೆ. ಒಳಗಿನ ಕಂಬಗಳಲ್ಲಿ ಕೆತ್ತನೆ ತುಂಬಿ ತುಳುಕುತ್ತದೆ. ಭೈರಾದೇವಿ ಮಂಟಪ ಅನಂತರ ಸೇರಿದ್ದು. ಅದರ ಅಧಿಷ್ಠಾನದಲ್ಲಿ ಆಫ್ರಿಕದ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆ. ಕರಾವಳಿಯ ಬಂದರುಗಳ ಸಂಪರ್ಕ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಇಷ್ಟು ಸಾಕು. ಎದುರಿನ ಸುಮಾರು 50 ಅಡಿ ಎತ್ತರದ ಮಾನಸ್ತಂಭ ರಾಣಿ ನಾಗಲದೇವಿಯ ಕೊಡುಗೆ.

ಅದೇ ಕಾಲದ ಯುರೋಪಿನಲ್ಲೂ ಮಾಡೇ ದೊಡ್ಡ ಪ್ರಶ್ನೆಯಾಗಿತ್ತು. ಫ್ಲಾರೆನ್ಸಿನ ಪ್ರಧಾನ ಚರ್ಚಿನ ಗುಮ್ಮಟ 1436ರಲ್ಲಿ ಮುಗಿಯಿತು. ಉತ್ತರದ ಗೋಥಿಕ್ ಚರ್ಚುಗಳಲ್ಲಿ ಒಳಗೆ ಕಲ್ಲಿನ ಕಮಾನು, ಅದರ ಮೇಲೆ ಮರದ ಮಾಡು, ಹೊದಿಕೆಗೆ ಸೀಸದ ತಗಡು. ಪ್ಯಾರಿಸ್ಸಿನ ನೋಟ್ರ್ ಡಾಮ್‌ನಲ್ಲಿ 2019ರಲ್ಲಿ ಸುಟ್ಟುಹೋದದ್ದು ಇಂಥ ಮಾಡು. ಕಮಾನಿನ ನೂಕುಬಲವನ್ನು ತಡೆಯಲು ಅಲ್ಲಿ ಹೊರಗಿನಿಂದ ಆಸರೆ ಕಟ್ಟಬೇಕಾಯಿತು. ಬಸದಿಗಳಲ್ಲಿ ಕಮಾನಿಲ್ಲ, ಕಂಬ, ತೊಲೆ, ಚಪ್ಪಡಿಗಳ ಭಾರ ನೇರವಾಗಿ ನೆಲಕ್ಕಿಳಿಯುತ್ತದೆ. ಕಂಬಗಳ ಸಂಖ್ಯೆ ಅಷ್ಟು ಬೆಳೆದದ್ದಕ್ಕೆ ಇದೂ ಒಂದು ಕಾರಣ.

ಗುರುವಾಯನಕೆರೆಗೆ ಹತ್ತಿರದ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ 1604ರಲ್ಲಿ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಆ ಮೂರ್ತಿಗೆ ಮಾಡು ಇಲ್ಲ. ಪ್ರವೇಶದ ಎರಡು ಬದಿಗಳಲ್ಲಿ ಅವನ ರಾಣಿಯರು ಕಟ್ಟಿಸಿದ ಅಕ್ಕಂಗಳ ಬಸದಿ ಮತ್ತು ಬಿನ್ನಾಣಿ ಬಸದಿಗಳಿವೆ.