ಶತ್ರುವನ್ನು ಪ್ರೀತಿಸುವುದು ಎಂದರೇನು?

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗದ ಬೆಟ್ಟದ ಮೇಲೆ ಹಳೆಯ ಕೋಟೆಯಿದೆ. ಕೋಟೆಯ ಲೆಕ್ಕ ಸರಳ: ಗೋಡೆಯ ಒಳಗಿನವರು ನಮ್ಮವರು, ಹೊರಗೆ ನಿಂತವರು ಶತ್ರುಗಳು. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಮಾಡಿದ ಉಪದೇಶವೂ ಬೆಟ್ಟದ ಮೇಲಿನದೇ. ಆದರೆ ಅದು ಈ ಲೆಕ್ಕವನ್ನೇ ಪ್ರಶ್ನಿಸುತ್ತದೆ.

ಕೇಳುತ್ತಿದ್ದವರು ರೋಮನ್ನರ ಆಳ್ವಿಕೆಯಲ್ಲಿದ್ದ ಯೆಹೂದ್ಯರು. ಸೈನಿಕರು ದಾರಿಹೋಕರ ಮೇಲೆ ಹೊರೆ ಹೊರಿಸುತ್ತಿದ್ದ ಕಾಲವದು. ಅಂಥವರಿಗೆ ಶತ್ರುವನ್ನು ಪ್ರೀತಿಸಿ ಎಂದದ್ದು ಸುಲಭದ ಮಾತಲ್ಲ. ಇಲ್ಲಿ ಪ್ರೀತಿಯೆಂದರೆ ಮಮತೆ ಉಕ್ಕುವುದಲ್ಲ, ಒಲ್ಲದವನಿಗೂ ಒಳಿತು ಬಯಸಿ ನಡೆಯುವುದು ಎನ್ನುತ್ತಾರೆ ವ್ಯಾಖ್ಯಾನಕಾರರು. ನಮ್ಮವರಿಗಷ್ಟೇ ನಮಸ್ಕರಿಸಿದರೆ ಅದರಲ್ಲಿ ಹೆಚ್ಚೇನಿದೆ ಎಂಬ ಪ್ರಶ್ನೆಯೂ ಅದೇ ಅಧ್ಯಾಯದಲ್ಲಿದೆ.

ಈ ಬೋಧನೆಗೆ ಕರ್ನಾಟಕದಲ್ಲಿ ಕಠಿಣ ಪರೀಕ್ಷೆ ಎದುರಾದದ್ದು 1914ರಲ್ಲಿ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು ಶಾಲೆ, ಮುದ್ರಣಾಲಯ, ಹೆಂಚಿನ ಕಾರ್ಖಾನೆಗಳನ್ನು ಕಟ್ಟಿತ್ತು. ಅದರ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತ್ತು. ಮೊದಲ ಮಹಾಯುದ್ಧ ಶುರುವಾದಾಗ ಮಿಷನ್ನಿನ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳಾದರು. ಹಲವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಲಾಯಿತು. ಉದ್ಯಮಗಳೂ ಮಿಷನ್ನಿನ ಕೈತಪ್ಪಿದವು. ಬಂಧಿಸಿದವರೂ ಬಂಧಿತರೂ ಓದುತ್ತಿದ್ದುದು ಅದೇ ಬೈಬಲ್. ಪಾಠ ಹೇಳುತ್ತಿದ್ದವರು ಶತ್ರುಗಳಾಗಲು ಸರ್ಕಾರದ ಆದೇಶವೊಂದೇ ಸಾಕಾಯಿತು.

ನಮ್ಮ ಹಳ್ಳಿಗಳಲ್ಲಿ ಆದೇಶವೂ ಬೇಡ. ಹೊಲದ ಬದುವಿನ ಜಗಳಕ್ಕೆ ಎರಡು ಮನೆಗಳು ತಲೆಮಾರುಗಟ್ಟಲೆ ಮಾತು ಬಿಡುತ್ತವೆ. ವ್ಯಾಜ್ಯ ಕೋರ್ಟಿನಲ್ಲಿ ತೀರಲಿ. ಆದರೆ ಆ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಹೋಗಿ ವಿಚಾರಿಸಲು ಯಾವ ವ್ಯಾಜ್ಯವೂ ಅಡ್ಡಿಯಾಗಬೇಕಿಲ್ಲ. ಶತ್ರುಪ್ರೀತಿ ಎಂಬ ದೊಡ್ಡ ಮಾತು ದಿನನಿತ್ಯದ ಬದುಕಿಗೆ ಇಳಿಯುವುದು ಇಂಥ ಕಡೆಯೇ.